ಮುಚ್ಚಳಕ್ಕೆ ತೂತು ಹೊಡೆಯುವ ಮಹಾನುಭಾವರಿಗೆ

ನಮಸ್ಕಾರ ಮಾರಾಯ್ರೆ. ಇವತ್ತು ಪ್ರೊಪೆಲ್ಲರ್ ಬಗ್ಗೆ ಮಾತಾಡಬೇಕಿತ್ತು, ಎಲ್ಲ ಬರೆದಿಟ್ಟಿದ್ದೆ. ಅದು ಹಾಗೇ ಇರಲಿ. ಹೋದ ವಾರ ಹಳೆ ಫೈಬರ್ ಬೋಟಿನ ಪೆಟ್ರೋಲ್ ಟ್ಯಾಂಕ್ ಬದಲಾಯಿಸುವ ವಿಡಿಯೊ ಹಾಕಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣ, ಗಾಳಿ ಪೈಪಿಗೆ ಇಷ್ಟೆಲ್ಲ ರಗಳೆ ಯಾಕೆ? ಟ್ಯಾಂಕಿನ ಮುಚ್ಚಳಕ್ಕೆ ಒಂದು ತೂತು ಹೊಡೆದರೆ ಮುಗೀತು." ಅದಕ್ಕೆ ಲೈಕು ಬೇರೆ! ನನ್ನ ವಿಡಿಯೊಗಿಂತ ಆ ಕಮೆಂಟಿಗೇ ಲೈಕು ಜಾಸ್ತಿ ಬೀಳುವ ಹಾಗೆ ಕಾಣುತ್ತದೆ.

ತೂತಂತೆ.

ಸರಿ, ಕೇಳಿ. ಗಾಳಿ ಪೈಪು ಅಂದರೆ ಟ್ಯಾಂಕು ಉಸಿರಾಡುವ ಮೂಗು: ಪೆಟ್ರೋಲ್ ತುಂಬುವಾಗ ಒಳಗಿನ ಗಾಳಿ ಅದರಿಂದ ಹೊರಗೆ ಹೋಗುತ್ತದೆ, ಎಂಜಿನ್ ಪೆಟ್ರೋಲ್ ಎಳೆದಂತೆ ಗಾಳಿ ಒಳಗೆ ಬರುತ್ತದೆ. ಡೆಕ್ಕಿನ ಅಡಿ ಪೆಟ್ರೋಲ್ ಟ್ಯಾಂಕ್ ಇದ್ದರೆ ಅದರ ಗಾಳಿ ಪೈಪಿನ ಬಾಯಿ ಬೋಟಿನ ಹೊರಗೆ ಇರಬೇಕು. ಇವತ್ತು ನಾನು ಹೇಳುವುದು ಇದೊಂದೇ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ತೂತಿನಿಂದ ಬಂದದ್ದು ಮೇಲೆ ಹಾರಿ ಹೋಗುವುದಿಲ್ಲ. ಬೋಟಿನ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಸೇರಿದರೂ ಸಾಕು, ಕಿಡಿ ತಗುಲಿದರೆ ಸಿಡಿಯುತ್ತದೆ. ಆ ತಳದಲ್ಲಿ ಏನಿರುತ್ತದೆ ಹೇಳಿ? ನೀರು ಹೊರಗೆ ಹಾಕುವ ಪಂಪು, ಅದರ ಸ್ವಿಚ್ಚು, ಬ್ಯಾಟರಿಯ ವಯರು. ಒಂದು ಸಣ್ಣ ಕಿಡಿ ಎಲ್ಲಿಂದ ಬರಬಹುದೋ ಅದೆಲ್ಲ ಅಲ್ಲೇ ಇದೆ.

ಇನ್ನೊಬ್ಬರ ವಾದ ಹೀಗಿದೆ: "ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಕೆಂಪು ಟ್ಯಾಂಕಿನ ಮುಚ್ಚಳದಲ್ಲೇ ಗಾಳಿ ಸ್ಕ್ರೂ ಇರುತ್ತಲ್ಲ?" ಇರುತ್ತೆ ಸ್ವಾಮಿ. ಆ ಟ್ಯಾಂಕು ಎಲ್ಲಿರುತ್ತದೆ? ತೆರೆದ ದೋಣಿಯಲ್ಲಿ, ನಿಮ್ಮ ಕಾಲ ಬುಡದಲ್ಲಿ, ಬಯಲು ಗಾಳಿಯಲ್ಲಿ. ಸಂಜೆ ಕೈಯಲ್ಲಿ ಎತ್ತಿಕೊಂಡು ಮನೆಗೂ ಹೋಗಬಹುದು. ಡೆಕ್ಕಿನಡಿಯ ಟ್ಯಾಂಕನ್ನು ಹಾಗೆ ಎತ್ತಿ ತೋರಿಸಿ, ನಾನು ಮೀಸೆ ತೆಗೆಸುತ್ತೇನೆ. ಮೀಸೆ ಇಲ್ಲ ಅನ್ನುವುದು ಬೇರೆ ಮಾತು.

ನಾವು ತೆಗೆದ ಹಳೆ ಟ್ಯಾಂಕನ್ನು ವಿಡಿಯೊದಲ್ಲಿ ನೋಡಿದಿರಲ್ಲ? ಮೇಲಿನಿಂದ ನೋಡಿದರೆ ಹೊಸ ಅಲ್ಯೂಮಿನಿಯಂ ಥರ ಫಳಫಳ. ಮಗುಚಿ ಹಾಕಿದರೆ ಅಡಿಯಲ್ಲಿ ಬಿಳಿ ಪುಡಿ. ಅದನ್ನು ಕೆರೆದರೆ ಸೂಜಿ ಹೋಗುವಷ್ಟು ತೂತುಗಳು. ಸುತ್ತ ತುಂಬಿಸಿದ್ದ ಫೋಮು ನೀರು ಕುಡಿದು ವರ್ಷಗಟ್ಟಲೆ ತಗಡಿಗೆ ಅಂಟಿಕೊಂಡಿತ್ತು. ಗಾಳಿ ಆಡದ ಕಡೆ ನೀರು ನಿಂತರೆ ಅಲ್ಯೂಮಿನಿಯಂ ಹೀಗೇ ತಿಂದುಹೋಗುತ್ತದೆ. ಅದಕ್ಕೇ ಹೊಸ ಟ್ಯಾಂಕಿನ ಅಡಿಗೆ ನೀರು ಹೀರದ ರಬ್ಬರ್ ಪಟ್ಟಿ ಕೊಟ್ಟು, ಸುತ್ತ ಜಾಗ ಬಿಟ್ಟು ಕೂರಿಸಿದ್ದು. ಹಳೆಯದಕ್ಕೇ ಬೆಸುಗೆ ಹಾಕಬಹುದಿತ್ತಲ್ಲ ಅಂದವರಿಗೆ ಕೈ ಮುಗಿಯುತ್ತೇನೆ. ಖಾಲಿ ಪೆಟ್ರೋಲ್ ಟ್ಯಾಂಕಿನೊಳಗೆ ಇರುವುದೇ ಆವಿ. ತುಂಬಿದ ಟ್ಯಾಂಕಿಗಿಂತ ಅದು ಅಪಾಯ.

ಈಗ ನನಗೆ ನಿಜವಾಗಿ ಪಿತ್ತ ನೆತ್ತಿಗೇರುವ ವಿಷಯ. ಹೊಸ ಟ್ಯಾಂಕಿಗೆ ಸಾವಿರಗಟ್ಟಲೆ ಸುರಿಯುತ್ತಾರೆ, ಡೆಕ್ಕು ಕತ್ತರಿಸುತ್ತಾರೆ, ಮತ್ತೆ ಫೈಬರ್ ಹಾಕಿ ಮುಚ್ಚುತ್ತಾರೆ. ಗಾಳಿ ಪೈಪು ಮಾತ್ರ ಹಳೆಯದೇ! ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. ಆ ಪೈಪು ಹಳದಿಯಾಗಿ, ಗಟ್ಟಿಯಾಗಿ, ಸ್ವಲ್ಪ ಬಗ್ಗಿಸಿದರೆ ಚಟ್ ಅನ್ನುತ್ತದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಸೇರಿದ ಪೆಟ್ರೋಲು. ಎಥನಾಲಿಗೆ ತಡೆಯದ ಹಳೆ ಪೈಪು ಅದರಲ್ಲಿ ಎಷ್ಟು ದಿನ ಬಾಳುತ್ತದೆ?

ಮಳೆಗಾಲದಲ್ಲಿ ಬೋಟು ದಡದಲ್ಲಿ ಇರುತ್ತದಲ್ಲ, ಆಗ ಕುಂಬಾರ ಹುಳ ಬಂದು ಆ ಪೈಪಿನ ಬಾಯಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ನೋಡಲು ಚಂದ, ಉಂಡೆ ಉಂಡೆ ಮಣ್ಣು. ಮೊದಲ ದಿನ ಹೊಳೆಗೆ ಇಳಿಸುತ್ತೀರಿ. ಪೆಟ್ರೋಲ್ ಹಾಕುವಾಗ ನಳಿಗೆ ಟಕ್ ಟಕ್ ಅಂತ ನಿಲ್ಲುತ್ತದೆ, ಮುಖಕ್ಕೆ ಉಗುಳುತ್ತದೆ. ಹೇಗೋ ತುಂಬಿಸಿ ಹೊರಟರೆ ನಡುನೀರಿನಲ್ಲಿ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಮುಚ್ಚಳ ತೆಗೆದರೆ ಹುಸ್ ಅಂತ ಗಾಳಿ ಒಳಗೆ ಹೋಗುತ್ತದೆ, ಎಂಜಿನ್ ಮತ್ತೆ ಹೊಡೆಯುತ್ತದೆ. ಆಗ ಏನು ಮಾಡುತ್ತೀರಿ? ಮುಚ್ಚಳಕ್ಕೆ ತೂತು ಹೊಡೆಯುತ್ತೀರಿ! ಮಾರಾಯ್ರೆ, ಒಂದು ತಂತಿ ತಗೊಂಡು ಆ ಮಣ್ಣು ಚುಚ್ಚಿ ತೆಗೆಯಿರಿ ಸಾಕು.

ಪೈಪು ಹಾಕುವ ಕ್ರಮ ಇನ್ನೊಮ್ಮೆ ಹೇಳುತ್ತೇನೆ. ಬೋಟಿನ ಇಂಧನಕ್ಕೆಂದೇ ಬರುವ ಪೈಪು, ಒಳಗಿನ ಅಳತೆ 16 ಮಿಲಿಮೀಟರ್. ತೋಟಕ್ಕೆ ನೀರು ಬಿಡುವ ಪೈಪಲ್ಲ. ಟ್ಯಾಂಕಿನಿಂದ ಮೇಲಕ್ಕೇ ಹೋಗಬೇಕು, ಎಲ್ಲೂ ಜೋತು ಬೀಳಬಾರದು. ಜೋತ ಜಾಗದಲ್ಲಿ ಪೆಟ್ರೋಲು ನಿಂತರೆ ಅಲ್ಲೇ ಬಿರಡೆ ಹಾಕಿದಂತೆ. ಎತ್ತರಕ್ಕೆ ಒಯ್ದು ಕೊಡೆ ಹಿಡಿಯ ಹಾಗೆ ಬಗ್ಗಿಸಿ, ಆಮೇಲೆ ಪಕ್ಕದ ಗೋಡೆಯಿಂದ ಹೊರಗೆ. ಬಾಯಿಗೆ ಬೆಂಕಿ ಒಳಗೆ ನುಗ್ಗದಂತೆ ಸಣ್ಣ ಜಾಲರಿ. ಅಮೆರಿಕದ ಬೋಟು ನಿಯಮದಲ್ಲೂ ಈ ಜಾಲರಿ ಕೇಳುತ್ತಾರೆ. "ಅಮೆರಿಕದ ಕಾನೂನು ನಮಗ್ಯಾಕೆ" ಅಂತ ಬರೆಯಲು ಹೊರಟವರು ನಿಲ್ಲಿ. ಪೆಟ್ರೋಲಿಗೆ ಪಾಸ್‌ಪೋರ್ಟ್ ಇಲ್ಲ.

ಮಲ್ಪೆ ದಕ್ಕೆಯಲ್ಲಿ ಕೂತು ನಗುತ್ತಿರುವ ಟ್ರಾಲ್ ಬೋಟಿನವರೇ, ನಿಮ್ಮದು ಡೀಸೆಲ್ಲು, ಹಾಗೆ ಸಿಡಿಯುವುದಿಲ್ಲ, ಗೊತ್ತು. ಆದರೆ ಮುಚ್ಚಳದ ತೂತಿನಿಂದ ಉಪ್ಪುನೀರು ಒಳಗೆ ಹೋದರೆ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ರಿಪೇರಿ ಬಿಲ್ಲು ಯಾರು ಕೊಡುತ್ತಾರೆ? ನೀವೂ ಹೊರಗೇ ಹಾಕಿ.

ನಡುವೆ ಒಂದು ಮಾತು. ಇನ್ನೂ ಸಬ್‌ಸ್ಕ್ರೈಬ್ ಆಗದೆ ಸುಮ್ನೆ ನೋಡಿ ಹೋಗುವವರು ತುಂಬ ಜನ ಇದ್ದೀರಿ, ನನಗೆ ಲೆಕ್ಕ ಕಾಣುತ್ತದೆ. "ಪೈಪು ಹೊರಗೆ" ಅಂತ ಒಂದು ಸ್ಟಿಕ್ಕರ್ ಮಾಡಿಸಿದ್ದೇನೆ. ಡೆಕ್ಕಿನ ಮೇಲೆ ಅಂಟಿಸಿ, ಬೇಕಾದರೆ ಮನೆ ಫ್ರಿಜ್ಜಿಗೂ ಅಂಟಿಸಿ. ಫ್ರಿಜ್ಜಿಗೆ ಯಾಕೆ ಅಂತ ನನ್ನ ಹೆಂಡತಿಯೂ ಕೇಳಿದಳು.

ಎಲ್ಲಿದ್ದೆ? ಹಾಂ, ಹೊರಗೆ. ಬೋಟಿನ ಒಳಗಲ್ಲ, ಡೆಕ್ಕಿನಡಿಯಲ್ಲ, ಸೀಟಿನ ಕೆಳಗಲ್ಲ. "ನಮ್ಮ ಮಾವ ಇಪ್ಪತ್ತು ವರ್ಷದಿಂದ ಹಾಗೇ ಓಡಿಸುತ್ತಿದ್ದಾರೆ, ಏನೂ ಆಗಿಲ್ಲ" ಅನ್ನುವವರಿಗೆ ಉತ್ತರ ಇಲ್ಲ. ಮಾವನಿಗೆ ನಮಸ್ಕಾರ ಹೇಳಿ. ಅವರು ಬೀಡಿ ಸೇದುತ್ತಾರೋ ಇಲ್ಲವೋ ಅಂತಲೂ ಕೇಳಿ ಬರೆಯಿರಿ. ಪೈಪು ಹೊರಗೆ ಅಂದರೆ ಹೊರಗೆ, ಅಷ್ಟೇ. ಚರ್ಚೆ ಇಲ್ಲ. ಇಲ್ಲಿ ಇನ್ನೂ ಎರಡು ಕಾರಣ ಬರೆದಿಟ್ಟಿದ್ದೆ, ಓದುವ ತಾಳ್ಮೆ ಹೋಯಿತು.

ಮುಂದಿನ ವಾರ ಡೆಕ್ಕು ಕತ್ತರಿಸುವ ಬ್ಲೇಡ್ ತೋರಿಸುತ್ತೇನೆ. ಅದಕ್ಕೂ ಏನಾದರೂ ಬರೆಯುತ್ತೀರಿ, ನನಗೆ ಗೊತ್ತು. ಬರೆಯಿರಿ, ಬೈಯಿರಿ. ಕಮೆಂಟು ಜಾಸ್ತಿ ಬಿದ್ದರೆ ಯೂಟ್ಯೂಬಿನವರು ವಿಡಿಯೊನ ಜಾಸ್ತಿ ಜನಕ್ಕೆ ತೋರಿಸುತ್ತಾರಂತೆ.