ಬೆಂಗಳೂರಿಗೆ ಪಿಚ್ಚು ಕಮ್ಮಿ ಇರಲಿ: ಸಣ್ಣ ಬೋಟಿಗೆ ಪ್ರೊಪೆಲ್ಲರ್ ಆರಿಸೋದು

ನಮಸ್ಕಾರ. ಕೆರೆ ಮೇಲೆ ಗಾಳಿ ಜೋರಿತ್ತು, ಮೈಕಿಗೆ ಬರೀ ಭರ್ರೋ ಅನ್ನೋ ಸದ್ದೇ ಸಿಕ್ಕಿದೆ. ಹಾಗಾಗಿ ಮಾತೆಲ್ಲ ಆಮೇಲೆ ಸೇರಿಸಿರೋದು. ಕಾಣ್ತಿರೋದು 12 ಅಡಿ ಫೈಬರ್ ಬೋಟು, ಎರಡು ಸಿಲಿಂಡರಿನ 9.9 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್, ಅಂದ್ರೆ ಬೋಟಿನ ಹಿಂದೆ ತಗಲಿಸೋ ಮೋಟಾರು. ಯಾವ ಕೆರೆ ಅಂತ ಕೇಳೋಕೆ ಮುಂಚೆ ಹೇಳ್ಬಿಡ್ತೀನಿ: ಅನುಮತಿ ಇಲ್ದೆ ಬೆಂಗಳೂರಿನ ಯಾವ ಕೆರೆಗೂ ಮೋಟಾರ್ ಇಳಿಸ್ಬೇಡಿ.

ಈಗ ಕ್ಯಾಮೆರಾ ಪ್ರೊಪೆಲ್ಲರಿನ ಹಬ್, ಅಂದ್ರೆ ರೆಕ್ಕೆಗಳ ನಡುವಿನ ಗುಂಬದ ಹತ್ರ ಹೋಗುತ್ತೆ, ನೋಡಿ. ಅಚ್ಚೊತ್ತಿರೋದು 9 1/4 x 9 3/4, ಪಕ್ಕದಲ್ಲಿ ಒಂದು 'ಜೆ'. ಮೊದಲನೇ ನಂಬರ್ ಡಯಾಮೀಟರು, ಅಂದ್ರೆ ರೆಕ್ಕೆ ತುದಿ ಸುತ್ತೋ ವೃತ್ತದ ಅಗಲ. ಎರಡನೇದು ಪಿಚ್ಚು. ನೀರು ಮರದ ಥರ ಗಟ್ಟಿ ಇದ್ದಿದ್ರೆ, ಸ್ಕ್ರೂ ಇಳಿದ ಹಾಗೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗ್ತಿತ್ತು ಅನ್ನೋ ಲೆಕ್ಕ ಅದು. ಕೊನೇ ಅಕ್ಷರ ಯಾವ ಶಾಫ್ಟಿಗೆ ಕೂರುತ್ತೆ ಅಂತ ಹೇಳುತ್ತೆ. ಅದು ತಪ್ಪಿದ್ರೆ ಉಳಿದದ್ದೆಲ್ಲ ದಂಡ. 'ಎಷ್ಟು ಎಚ್‌ಪಿ ಸರ್' ಅಂತಷ್ಟೇ ಕೇಳಿ ಡಬ್ಬ ಇಳಿಸಿಕೊಡೋ ಅಂಗಡಿಯಿಂದ ಎದ್ದು ಬನ್ನಿ. ಹಳೇ ಪ್ರೊಪೆಲ್ಲರ್ ಚೀಲದಲ್ಲಿ ಹಾಕ್ಕೊಂಡು ಹೋಗಿ, ಒಳಗಿನ ಹಲ್ಲು ಎಣಿಸಿ ತಗೊಳ್ಳಿ. ಡಯಾಮೀಟರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಸಣ್ಣ ಮೋಟಾರಲ್ಲಿ ನೀವು ಆರಿಸೋದು ಪಿಚ್ಚನ್ನ.

ಆರಿಸೋಕೆ ಬೇಕಾಗಿರೋದು ಒಂದೇ ಸಂಖ್ಯೆ: ಪೂರ್ತಿ ಥ್ರಾಟಲಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ ಹೋಗುತ್ತೆ ಅನ್ನೋದು. ಈ ಮೋಟಾರಿನ ಪುಸ್ತಕದಲ್ಲಿ 5000ದಿಂದ 6000 ಅಂತಿದೆ. 5000 ಮುಟ್ಟದಿದ್ರೆ ಪಿಚ್ಚು ಜಾಸ್ತಿ ಆಯ್ತು ಅಂತ. ಟಾಪ್ ಗೇರಲ್ಲಿ ನಂದಿಬೆಟ್ಟ ಹತ್ತಿಸಿದಂಗೆ ಎಂಜಿನ್ ಒದ್ದಾಡುತ್ತೆ, ಬಿಸಿ ಆಗುತ್ತೆ, ಕಾರ್ಬನ್ ಕಟ್ಟುತ್ತೆ. 6000 ದಾಟಿದ್ರೆ ಪಿಚ್ಚು ಕಮ್ಮಿ ಆಯ್ತು ಅಂತ. ಟ್ಯಾಂಕ್ ತುಂಬಿಸಿ, ದಿನಾ ಕೂರೋವಷ್ಟು ಜನರನ್ನ ಕೂರಿಸಿಯೇ ಅಳೀರಿ. ಒಬ್ಬರೇ ಕೂತು ಅಳೆದ ನಂಬರಿಗೆ ಬೆಲೆ ಇಲ್ಲ.

ಸರಿ, ಮೀಟರ್ ನೋಡಿ. 9500! ಇದು ನಿಜ ಆಗಿದ್ರೆ ಪಿಸ್ಟನ್ ಇಷ್ಟೊತ್ತಿಗೆ ಕೆರೆ ಆಚೆ ದಡದಲ್ಲಿ ಬಿದ್ದಿರೋದು. ಇಲ್ಲಿ ಸ್ವಲ್ಪ ನಿಲ್ಲೋಣ, ಎಲ್ಲರೂ ಎಡವೋದು ಇಲ್ಲೇ. ಸಣ್ಣ ಮೋಟಾರಿಗೆ ಮೀಟರ್ ಇರಲ್ಲ, ಆನ್‌ಲೈನಲ್ಲಿ ಸಿಗೋ ಬೆಂಕಿಪೊಟ್ಟಣದಷ್ಟು ಡಿಜಿಟಲ್ ಟ್ಯಾಕೋಮೀಟರ್ ತಗೋತೀವಿ. ಅದರ ಕೆಂಪು ವೈರನ್ನ ಪ್ಲಗ್ ವೈರಿಗೆ ನಾಲ್ಕೈದು ಸುತ್ತು ಸುತ್ತಬೇಕು, ಅದು ಕಿಡಿ ಎಣಿಸುತ್ತೆ. ಆದ್ರೆ ಎಷ್ಟು ಸುತ್ತಿಗೆ ಒಂದು ಕಿಡಿ ಅಂತ ನಾವು ಹೇಳ್ಕೊಡ್ಬೇಕು. ಫೋರ್ ಸ್ಟ್ರೋಕ್ ಅಂದ್ರೆ ಎರಡು ಸುತ್ತಿಗೆ ಒಂದು ಕಿಡಿ ಅಂತ ಪಾಠ ಓದಿರೋರು 1ಪಿ 2ಆರ್ (ಪಿ ಅಂದ್ರೆ ಕಿಡಿ, ಆರ್ ಅಂದ್ರೆ ಸುತ್ತು) ಅಂತ ಒತ್ತಿಬಿಡ್ತಾರೆ. ಆದ್ರೆ ಇಂಥ ಮೋಟಾರಲ್ಲಿ ಫ್ಲೈವೀಲಿನ ಮ್ಯಾಗ್ನೆಟ್ಟು ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತೆ. ಎರಡನೇ ಕಿಡಿ ಹೊಗೆ ಹೋಗೋ ಹೊತ್ತಲ್ಲಿ ಸುಮ್ನೆ ದಂಡ ಆಗುತ್ತೆ, ಮೀಟರ್ ಮಾತ್ರ ಅದನ್ನೂ ಎಣಿಸಿ ಡಬಲ್ ತೋರಿಸುತ್ತೆ. 1ಪಿ 1ಆರ್‌ಗೆ ಬದಲಾಯಿಸಿದ್ಮೇಲೆ ನೋಡಿ, 4750. ಡಬಲ್ ತೋರಿಸಿದ್ರೆ ಗೊತ್ತಾದ್ರೂ ಆಗುತ್ತೆ ಬಿಡಿ. ಬೇರೆ ಮೀಟರಲ್ಲಿ ಉಲ್ಟಾ ಆಗಿ ಅರ್ಧ ತೋರಿಸಿದ್ರೆ, 'ಅಯ್ಯೋ ಆರ್‌ಪಿಎಂ ಏರ್ತಾನೇ ಇಲ್ಲ' ಅಂತ ಒಂದಾದ್ಮೇಲೆ ಒಂದು ಪ್ರೊಪೆಲ್ಲರ್ ತರಿಸ್ತಾ ಕೂರ್ತಾರೆ. ನಂಬರ್ ಕುಣೀತಿದ್ರೆ ವೈರು ಪಕ್ಕದ ಪ್ಲಗ್ ವೈರಿಗೆ ತಾಗ್ತಿರುತ್ತೆ, ದೂರ ಸರಿಸಿ.

ಹೌದು, 4750. ಕಮ್ಮಿ ಆಯ್ತು. ಇದೇ ಬೋಟು, ಇದೇ ಪ್ರೊಪೆಲ್ಲರ್ ಮಂಗಳೂರಲ್ಲಿ ಸರಿಯಾಗೇ ಓಡಬಹುದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಗಾಳಿ ತೆಳು. ಸಾವಿರ ಅಡಿಗೆ ಸುಮಾರು 3% ಪವರ್ ಹೋಗುತ್ತೆ ಅಂತ ಹಿಡಿದ್ರೆ 3000 ಅಡಿಗೆ 9%. ದುಡ್ಡು ಕೊಟ್ಟಿದ್ದು 9.9 ಎಚ್‌ಪಿಗೆ, ಸಿಗೋದು 9. ಲಿಂಗನಮಕ್ಕಿ ಹಿನ್ನೀರಿಗೆ ಒಯ್ದರೆ ನಷ್ಟ ಕಮ್ಮಿ, ಅಲ್ಲಿ ಪೂರ್ಣ ಮಟ್ಟ 1819 ಅಡಿ. ಕೆಆರ್‌ಎಸ್ 124 ಅಡಿ ತಾನೇ, ಅಲ್ಲಿ ಪೂರ್ತಿ ಪವರ್ ಸಿಗುತ್ತೆ ಅನ್ಬೇಡಿ ಮತ್ತೆ, ಅದು ಸಮುದ್ರದಿಂದ ಅಳೆದದ್ದಲ್ಲ! ಕಾರ್ಬ್ಯುರೇಟರ್ ಮೋಟಾರಾದ್ರೆ ಇಲ್ಲಿ ಪೆಟ್ರೋಲೂ ಜಾಸ್ತಿ ಕುಡಿಯುತ್ತೆ, ಅದಕ್ಕೆ ಜೆಟ್ (ಪೆಟ್ರೋಲ್ ಬಿಡೋ ಸಣ್ಣ ತೂತು) ನೋಡ್ಬೇಕು, ಅದು ಬೇರೆ ವಿಡಿಯೋ.

ಲೆಕ್ಕ ಸುಲಭ. ಪಿಚ್ಚು ಒಂದಿಂಚು ಇಳಿಸಿದ್ರೆ ಹೆಚ್ಚುಕಮ್ಮಿ 200 ಆರ್‌ಪಿಎಂ ಏರುತ್ತೆ. ಒಂದಿಂಚು ಇಳಿಸಿದ್ರೆ 5000ದ ಹತ್ರಹತ್ರ ಬಂದು ನಿಲ್ಲುತ್ತೆ, ಸಾಲಲ್ಲ. ಅದಕ್ಕೇ 9 1/4 x 8.

ಬಿಚ್ಚೋದು ನೀವೇ ನೋಡ್ತಿದ್ದೀರ. ಕಿಲ್ ಸ್ವಿಚ್ ದಾರ ಎಳೆದಾಗಿದೆ, ಪ್ಲಗ್ ಕ್ಯಾಪೂ ತೆಗೆದಾಗಿದೆ. ರೆಕ್ಕೆಗೂ ಮೇಲಿನ ಪ್ಲೇಟಿಗೂ ನಡುವೆ ಮರದ ತುಂಡು ಇಟ್ಟಿರೋದು ನಟ್ ತಿರುಗಿಸುವಾಗ ಶಾಫ್ಟ್ ಸುತ್ತದಿರಲಿ ಅಂತ. ಅಲ್ಲೇ, ಶಾಫ್ಟಿನ ಬುಡ ನೋಡಿ: ಗಾಳದ ನೈಲಾನ್ ದಾರ, ಅದರ ಜೊತೆ ಜರಿ ರಿಬ್ಬನ್ನು. ಗಣೇಶನ ಹಬ್ಬ ಆದ್ಮೇಲೆ ಇದು ಇದ್ದಿದ್ದೇ. ಬ್ಲೇಡಲ್ಲಿ ಕುಯ್ದು ಒಂದೆಳೆಯೂ ಬಿಡದಂಗೆ ತೆಗೀರಿ, ಇಲ್ದಿದ್ರೆ ಆಯಿಲ್ ಸೀಲ್ ಕೊಯ್ದುಬಿಡುತ್ತೆ. ಗೇರ್ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದೆ ಅಂದ್ರೆ ಆಗ್ಲೇ ನೀರು ಒಳಗೆ ಹೋಗಿದೆ. ಪ್ರೊಪೆಲ್ಲರಿಗೂ ಗೇರ್ ಕೇಸಿಗೂ ನಡುವೆ ಕೂರೋ ಬಳೆ, ಅದೇ ಥ್ರಸ್ಟ್ ವಾಷರ್, ಗ್ರೀಸಿಗೆ ಅಂಟ್ಕೊಂಡು ಹಳೇ ಪ್ರೊಪೆಲ್ಲರ್ ಜೊತೇಲೇ ಹೋಗ್ಬಿಡುತ್ತೆ, ಹುಡುಕಿ ವಾಪಸ್ ಹಾಕಿ. ಮರೆತ್ರೆ ಹಬ್ಬು ಮುಂದಕ್ಕೆ ಸರಿದು ಗೇರ್ ಕೇಸನ್ನ ಉಜ್ಜುತ್ತೆ. ನಟ್ ಬಿಚ್ಕೊಳ್ಳದಂಗೆ ಹಿಡಿಯೋ ಕಾಟರ್ ಪಿನ್ ಹೊಸದು.

ಈಗ ಓಡ್ತಿದೆ. 5250, ಜಿಪಿಎಸ್ಸಲ್ಲಿ ಗಂಟೆಗೆ 25 ಕಿಮೀ. ಮುಂಚೆ 24 ಇತ್ತು. ಪಿಚ್ಚು ಇಳಿಸಿದ್ರೆ ಸ್ಪೀಡ್ ಹೋಗುತ್ತೆ ಅಂತಾರಲ್ಲ, ನೋಡ್ಕೊಳ್ಳಿ. ಗೇರ್ ರೇಶಿಯೋ 2.08 (ಎಂಜಿನ್ 2.08 ಸುತ್ತು ಸುತ್ತಿದ್ರೆ ಪ್ರೊಪೆಲ್ಲರ್ ಒಂದು ಸುತ್ತು) ಹಿಡಿದು ಲೆಕ್ಕ ಹಾಕಿದ್ರೆ ಹಳೇದು ಜಾರದೇ ಹೋಗಿದ್ರೆ 34 ಬರ್ಬೇಕಿತ್ತು, ಬಂದಿದ್ದು 24. ಹೊಸದಕ್ಕೆ 31 ಬರ್ಬೇಕು, 25 ಬಂದಿದೆ. ನೀರಲ್ಲಿ ಜಾರೋದು ಅಷ್ಟು ಕಮ್ಮಿ ಆಗಿದೆ.

ಬೋಟು ಹೋಗ್ತಿರಲಿ, ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್ ವಿಷ್ಯ ಹೇಳ್ತೀನಿ. ಈ ಸೈಜಿಗೆ ಬರೀ ಶೋಕಿ. ಬಂಡೆಗೆ ಬಡಿದ್ರೆ ಅಲ್ಯೂಮಿನಿಯಂ ರೆಕ್ಕೆ ಮಡಚ್ಕೊಳ್ಳುತ್ತೆ, ಸ್ಟೀಲ್ ಆ ಏಟನ್ನ ಗೇರಿಗೆ ದಾಟಿಸೋ ಸಂಭವ ಜಾಸ್ತಿ. ನಾಲ್ಕು ರೆಕ್ಕೆದೂ ಶೋಕಿನೇ... ಇಲ್ಲ, ಅದು ಹಂಗಲ್ಲ. 2022ರ ಸೆಪ್ಟೆಂಬರಲ್ಲಿ ಮಳೆಗೆ ಬೆಂಗಳೂರಿನ ಯಮಲೂರು ಕಡೆ ಮುಳುಗಿದಾಗ ಜನ ತುಂಬಿದ ರಬ್ಬರ್ ಬೋಟು ರಸ್ತೇಲಿ ಓಡಾಡಿದ್ವಲ್ಲ, ಅಂಥ ಭಾರಕ್ಕೆ, ನಿಧಾನಕ್ಕೆ, ನಾಲ್ಕು ರೆಕ್ಕೆ ಸರಿ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಪಿಚ್ಚು ಇನ್ನೊಂದಿಂಚು ಇಳಿಸಿ. ರೋಡ್ ಮಧ್ಯದ ಡಿವೈಡರ್ ಇದ್ಯಲ್ಲ, ಅದು ಯಾವ ಲೋಹವನ್ನೂ...

ಅಯ್ಯೋ ದಡ ಬಂತು. ಬೇಗ ಒಂದು ವಿಷ್ಯ. ಹೊರಡೋಕೆ ಮುಂಚೆ ಪ್ರೊಪೆಲ್ಲರ್ ಹಬ್ಬಿನ ಒಳಗಿನ ಹಿತ್ತಾಳೆ ಬುಷ್‌ನಿಂದ ರಬ್ಬರ್ ಮೇಲೆ ಹಾದು ಹೊರಗಿನ ಅಲ್ಯೂಮಿನಿಯಂವರೆಗೆ ಮಾರ್ಕರಲ್ಲಿ ಒಂದು ಗೆರೆ ಎಳೆದಿದ್ದೆ. ಈಗ ನೋಡಿ, ಗೆರೆ ನೇರ ಇದೆ. ಮುರಿದಿದ್ರೆ ರಬ್ಬರ್ ಜಾರ್ತಿದೆ ಅಂತ: ಎಂಜಿನ್ ಕಿರುಚುತ್ತೆ, ಬೋಟ್ ಹೋಗಲ್ಲ, ಪಿಚ್ಚು ಎಷ್ಟು ಬದಲಾಯಿಸಿದ್ರೂ ಅಷ್ಟೇ. ಹಳೇ ಪ್ರೊಪೆಲ್ಲರ್, ಒಂದು ಕಾಟರ್ ಪಿನ್, ಆ ಮರದ ತುಂಡು ಸೀಟ್ ಕೆಳಗೇ ಇರಲಿ.