ಸಂಪಾದಕೀಯ ಪುಟದ ಸಣ್ಣ ಮಾತುಗಳು

ಕೇಳುಗರಿಗೆ ನಮಸ್ಕಾರ.

ಬೆಳಗ್ಗೆ ಪೇಪರ್ ಬಂದ ಕೂಡಲೇ ನಾನು ಮೊದಲು ತೆಗೆಯುವುದು ಸಂಪಾದಕೀಯ ಪುಟ. ಸುದ್ದಿ ಆಮೇಲೆ. ಆ ಪುಟದಲ್ಲಿ ಬರೆಯುವವರು ನಮ್ಮ ಮನಸ್ಸನ್ನು ಒಂದು ಕಡೆಗೆ ತಿರುಗಿಸಲು ನೋಡುತ್ತಾರೆ. ಅದು ತಪ್ಪಲ್ಲ, ಅದೇ ಅವರ ಕೆಲಸ. ಆದರೆ ನಮ್ಮನ್ನು ತಿರುಗಿಸುವುದು ಅವರ ದೊಡ್ಡ ವಾದಗಳಿಗಿಂತ ಜಾಸ್ತಿ ಅವರ ಸಣ್ಣ ಮಾತುಗಳು. ಇವತ್ತು ಆ ಸಣ್ಣ ಮಾತುಗಳ ಬಗ್ಗೆ ಮಾತಾಡೋಣ.

1897ರ ಪುಣೆಗೆ ಹೋಗೋಣ. ಊರಿಗೆ ಪ್ಲೇಗ್ ಬಂದಿತ್ತು. ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಕೈಕೆಳಗಿನ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕುತ್ತಿದ್ದರು. ಜನ ರೋಸಿಹೋಗಿದ್ದರು. ಜೂನ್ 22ರ ರಾತ್ರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಸರ್ಕಾರದ ಸಿಟ್ಟು ಇಡೀ ಊರಿನ ಮೇಲೆ ತಿರುಗಿತು. ಆಗ ಬಾಲ ಗಂಗಾಧರ ತಿಲಕರು ತಮ್ಮ ಮರಾಠಿ ಪತ್ರಿಕೆ ‘ಕೇಸರಿ’ಯಲ್ಲಿ ಒಂದು ಸಂಪಾದಕೀಯ ಬರೆದರು. ಅದರ ತಲೆಬರಹ ಕನ್ನಡದಲ್ಲಿ ಹೀಗಾಗುತ್ತದೆ: ‘ಸರ್ಕಾರದ ತಲೆ ನೆಟ್ಟಗಿದೆಯೇ?’

ಇದನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಸರ್ಕಾರಕ್ಕೆ ತಲೆ ಕೆಟ್ಟಿದೆ ಅಂತ ಈ ತಲೆಬರಹ ಹೇಳುವುದಿಲ್ಲ. ಸುಮ್ನೆ ಕೇಳುತ್ತದೆ. ಉತ್ತರ ಕೊಡುವುದು ಓದುಗ. ತಾನೇ ಕೊಟ್ಟ ಉತ್ತರವನ್ನು ಯಾರೂ ಅಷ್ಟು ಬೇಗ ಅನುಮಾನಿಸುವುದಿಲ್ಲ. ಜೊತೆಗೆ, ಇದು ಕಚೇರಿಯ ಭಾಷೆಯಲ್ಲ. ದಾರಿ ತಪ್ಪಿದ ಮೊಮ್ಮಗನಿಗೆ ಅಜ್ಜಿ ಬೈಯುವ ಭಾಷೆ. ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಆ ಮಾತಿನಲ್ಲಿ ಕೇಳಿಬಿಟ್ಟರು. ಓದಿದವರ ಎದೆಯಲ್ಲಿದ್ದ ಹೆದರಿಕೆ ಎಷ್ಟು ಇಳಿದಿರಬೇಕು!

ಸರ್ಕಾರ ಕೇಸು ಹಾಕಿದ್ದು ಮಾತ್ರ ಈ ಸಂಪಾದಕೀಯದ ಮೇಲಲ್ಲ, ಅದಕ್ಕೂ ಮುಂಚಿನ ಜೂನ್ 15ರ ಸಂಚಿಕೆಯಲ್ಲಿ ಬಂದ ಬರಹಗಳ ಮೇಲೆ. ಅದರಲ್ಲಿ ಶಿವಾಜಿ ಉತ್ಸವದ ವರದಿಯಿತ್ತು, ಒಂದು ಪದ್ಯವಿತ್ತು. ಪದ್ಯದಲ್ಲಿ ಶಿವಾಜಿ ಮಹಾರಾಜರು ಎದ್ದು ಬಂದು ತಮ್ಮ ನಾಡಿನ ಗತಿ ನೋಡಿ ಮರುಗುತ್ತಾರೆ. ಬಾಯಿ ಹಳೆಯ ರಾಜನದು, ಏಟು ಬೀಳುವುದು ಅಂದಿನ ಸರ್ಕಾರಕ್ಕೆ. ಬಾಂಬೆ ಹೈಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಸರ್ಕಾರದ ಬಗ್ಗೆ ಜನರಲ್ಲಿ ‘ಡಿಸ್‌ಅಫೆಕ್ಷನ್’ ಹುಟ್ಟಿಸುವುದು ಅಪರಾಧ ಎಂದು ರಾಜದ್ರೋಹದ ಕಾನೂನಿನಲ್ಲಿತ್ತು. ಹಾಗೆಂದರೆ ಪ್ರೀತಿ ಇಲ್ಲದಿರುವುದು, ಅಷ್ಟೇ ಎಂದು ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ವಿವರಿಸಿದರು. ಜ್ಯೂರಿಯಲ್ಲಿದ್ದ ಆರು ಯುರೋಪಿಯನ್ನರು ತಪ್ಪಿತಸ್ಥ ಎಂದರು. ಮೂವರು ಭಾರತೀಯರು ಅಲ್ಲ ಎಂದರು. ತಿಲಕರಿಗೆ 18 ತಿಂಗಳ ಸೆರೆವಾಸ. ಒಂದು ಪದವನ್ನು ಹಿಗ್ಗಿಸಿ ಹಿಗ್ಗಿಸಿ ಒಬ್ಬ ಬರಹಗಾರನನ್ನು ಒಳಗೆ ಹಾಕಿದರಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನೇರವಾಗಿ ಹೇಳಿದರೆ ಜೈಲು ಎನ್ನುವ ಕಾಲದಲ್ಲಿ ಪ್ರಶ್ನೆ, ಪದ್ಯ ಇವೆಲ್ಲ ಗುರಾಣಿ. ಆ ಗುರಾಣಿಯೂ ಸಾಲಲಿಲ್ಲ. ಇವತ್ತು ಅದೇ ಪ್ರಶ್ನಾರ್ಥಕ ಚಿಹ್ನೆ ಪುರಾವೆ ಇಲ್ಲದ ಕಡೆ ಜಾಸ್ತಿ ಕಾಣುತ್ತದೆ. ‘ಕೆರೆ ಒತ್ತುವರಿಗೆ ಅಧಿಕಾರಿಗಳದೇ ಕುಮ್ಮಕ್ಕು?’ ಎಂಬಂಥ ತಲೆಬರಹ ನೀವೂ ನೋಡಿರುತ್ತೀರಿ, ಅಲ್ವಾ? ನಾನು ಆ ಚಿಹ್ನೆ ತೆಗೆದು ಪೂರ್ಣವಿರಾಮ ಇಟ್ಟು ಓದುತ್ತೇನೆ. ಆಮೇಲೆ ಆ ವಾಕ್ಯಕ್ಕೆ ಲೇಖನದೊಳಗೆ ಆಧಾರ ಇದೆಯಾ ಅಂತ ಹುಡುಕುತ್ತೇನೆ. ಇದ್ದರೆ ಪ್ರಶ್ನೆ ಯಾಕೆ ಬೇಕಿತ್ತು?

‘ಎನ್ನಲಾಗಿದೆ’ ಎಂಬ ಮಾತೂ ಹಾಗೆಯೇ. ಬಾಯಿಮಾತಿನಲ್ಲಿ ನಾವು ‘ದುಡ್ಡು ತಗೊಂಡರಂತೆ’ ಅನ್ನುತ್ತೇವೆ. ಆ ‘ಅಂತೆ’ ಪ್ರಾಮಾಣಿಕ. ನಾನು ಕಣ್ಣಾರೆ ಕಂಡಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಅದೇ ಅಚ್ಚಿನಲ್ಲಿ ‘ಹಣ ಪಡೆದಿದ್ದಾರೆ ಎನ್ನಲಾಗಿದೆ’ ಎಂದಾದಾಗ ಗಾಳಿಮಾತಿಗೂ ಒಂದು ತೂಕ ಬಂದುಬಿಡುತ್ತದೆ. ಅಂದವರು ಯಾರು ಅಂತ ಕೇಳುವುದನ್ನು ನಾವು ಮರೆಯುತ್ತೇವೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ‘ನಾವು’ ಎಂಬ ಪದ. ತುಳುವಿನಲ್ಲಿ ‘ನಮ’ ಅಂದರೆ ಕೇಳುತ್ತಿರುವ ನೀವೂ ಸೇರಿದ ನಾವು. ‘ಎಂಕುಲು’ ಅಂದರೆ ನಿಮ್ಮನ್ನು ಬಿಟ್ಟು ನಾವು. ತೆಲುಗಿನಲ್ಲಿ ‘ಮನಂ’, ‘ಮೇಮು’ ಎಂದು ಎರಡಿವೆ. ತಿಲಕರ ಮರಾಠಿಯಲ್ಲೂ ‘ಆಪಣ’, ‘ಆಮ್ಹೀ’ ಬೇರೆ ಬೇರೆ. ನಾವು ಬರೆಯುವ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಹಾಗಾಗಿ ಕನ್ನಡದ ಲೇಖಕರು ‘ನಾವು’ ಅಂದಾಗ ಯಾರು ಒಳಗೆ, ಯಾರು ಹೊರಗೆ ಅಂತ ಪದ ಹೇಳುವುದಿಲ್ಲ. ನಾವೇ ಹುಡುಕಬೇಕು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡುತ್ತಿದ್ದೆ. ಪೇಪರಿನ ಲೇಖನ ತನ್ನಿ, ‘ನಾವು’ ಇರುವ ಕಡೆಯೆಲ್ಲ ಸುತ್ತು ಹಾಕಿ, ಪಕ್ಕದಲ್ಲಿ ಯಾರು ಅಂತ ಬರೆಯಿರಿ. ಒಂದು ಸಲ ಸಿಕ್ಕಿದ್ದು ಫುಟ್‌ಪಾತ್ ತೆರವಿನ ಬಗ್ಗೆ ಬಂದ ಲೇಖನ. ‘ನಾವು ನಮ್ಮ ಪೇಟೆಯನ್ನು ಮರಳಿ ಪಡೆಯಬೇಕು’ ಎಂದು ಅದರಲ್ಲಿತ್ತು. ಮಕ್ಕಳೆಲ್ಲ ‘ಊರಿನ ಜನ’ ಎಂದು ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಏನೂ ಬರೆಯದೆ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಅವಳ ತಂದೆ ಬಸ್ ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು.

‘ಸಾರ್, ಇದರಲ್ಲಿ ನಮ್ಮಪ್ಪ ಇಲ್ಲ’ ಅಂದಳು.

ನಮಸ್ಕಾರ.