ನೂರು ಸಾಲಿನ ಪದ್ಯದ ಉಸಿರು

ಕೇಳುಗರಿಗೆ ನಮಸ್ಕಾರ. ಹದಿನಾರು ಸಾಲಿನ ಪದ್ಯ ಬರೆದು ರೂಢಿಯಾದವರು ನೂರು ಸಾಲಿಗೆ ಕೈ ಹಾಕಿದರೆ ಎಲ್ಲಿ ಕಾಲು ಸೋಲುತ್ತದೆ ಅನ್ನುವುದು ನನಗೆ ಗೊತ್ತು. ನಮ್ಮಜ್ಜಿ ಮಳವಳ್ಳಿ ಕಡೆಯ ಊರಿನಲ್ಲಿ, ಕೋಳಿ ಕೂಗುವ ಮುಂಚೆ, ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಕಟ್ಟಲು ಹೋಗುತ್ತಿದ್ದಳು. ಅದನ್ನು ಬರೆಯಲು ಕೂತೆ. ನಲವತ್ತು ಸಾಲಿಗೆ ನನ್ನ ಹತ್ತಿರ ಇದ್ದ ಹೋಲಿಕೆಗಳೆಲ್ಲ ಮುಗಿದುಹೋದವು. ಒಂದೊಂದು ಸಾಲೂ ಮಿಂಚಬೇಕು ಅಂತ ಹಟ ಹಿಡಿದಿದ್ದೆ. ಓದುವವರಿಗೆ ಉಸಿರು ಬಿಡಲು ಜಾಗವೇ ಇರಲಿಲ್ಲ.

ದಾರಿ ತೋರಿಸಿದವರು ನೀಲಗಾರರು. ಜನಪದ ಸಂತ ಮಂಟೇಸ್ವಾಮಿಯ ಕತೆಯನ್ನು ತಂಬೂರಿ ಮೀಟುತ್ತಾ ರಾತ್ರಿಯಿಡೀ ಹಾಡುವವರು, ಕೈಯಲ್ಲಿ ಪುಸ್ತಕ ಇಲ್ಲದೆ. ಒಂದಷ್ಟು ಹಾಡು, ಆಮೇಲೆ ಮಾತು, ಮತ್ತೆ ಹಾಡು. ಮುಂದೆ ಹಾಡುವವರು ಬಿಟ್ಟ ಕಡೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಅವರ ಬಾಯಲ್ಲಿ 'ಸಾಲು' ಅಂದರೆ ಒಂದು ಗೆರೆಯಲ್ಲ, ಕತೆಯ ಒಂದು ಇಡೀ ಘಟ್ಟ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಕತೆಯ ಭಾಗಕ್ಕೆ ಸಿದ್ದಪ್ಪಾಜಿಯ ಸಾಲು ಅಂತಾರಲ್ಲ, ಹಾಗೆ. ಇದು ತಿಳಿದ ದಿನ ನಾನು ಗೆರೆ ಎಣಿಸುವುದನ್ನು ಬಿಟ್ಟೆ. ನನ್ನ ಪದ್ಯಕ್ಕೆ ಮೂರೇ ಸಾಲು ಸಾಕು: ನಾಲೆಯ ದಾರಿ, ತೂಬಿನ ಜಗಳ, ಗದ್ದೆಯ ಕೊನೆಯ ಮಡಿ.

ಇನ್ನು ನಡಿಗೆ. ಕುಮಾರವ್ಯಾಸ ತನ್ನ ಭಾರತದ ಹತ್ತು ಪರ್ವಗಳ ಉದ್ದಕ್ಕೂ ನಡೆದದ್ದು ಆರು ಗೆರೆಯ ಭಾಮಿನಿ ಷಟ್ಪದಿಯಲ್ಲಿ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು; ಮಾತ್ರೆಗಳ ಒಂದು ಗುಂಪು ಗಣ. ಮೂರು ನಾಲ್ಕು, ಮೂರು ನಾಲ್ಕು, ಹೀಗೆ 14 ಮಾತ್ರೆಯ ಎರಡು ಗೆರೆ. ಮೂರನೆಯದು 23 ಮಾತ್ರೆಗೆ ಚಾಚಿ, ಕೊನೆಗೊಂದು ಗುರುವಿನ, ಅಂದರೆ ಎರಡು ಮಾತ್ರೆಯ ಅಕ್ಷರದ ಮೇಲೆ ನಿಲ್ಲುತ್ತದೆ. ಇದು ಅರ್ಧ ಪದ್ಯ. ನನ್ನದನ್ನೇ ಓದುತ್ತೇನೆ, ಕೇಳಿ. ಆದಿಪ್ರಾಸ, ಅಂದರೆ ಪ್ರತಿ ಗೆರೆಯ ಎರಡನೆಯ ಅಕ್ಷರ ಒಂದೇ ಆಗಿರುವುದು, ಅದನ್ನು ಬಿಟ್ಟಿದ್ದೇನೆ.

ನಾಲೆ ನೀರಿನ ದಾರಿ ಹಿಡಿದಳು
ಅಜ್ಜಿ ಬೆಳಗಿನ ಮಂಜಿನೊಳಗೇ
ಕೆಸರು ಮೆತ್ತಿದ ಕಾಲ ಬೆರಳಲಿ ಬದುವ ಹುಡುಕುತ್ತಾ

ಆ 'ತ್ತಾ' ಇದೆಯಲ್ಲ, ಅಲ್ಲೇ ಉಸಿರು ಸಿಗುವುದು. ಮೊದಲ ಗೆರೆಯಲ್ಲಿ ಪದಗಳೆಲ್ಲ ಗಣದ ಜೊತೆಗೇ ಮುಗಿಯುತ್ತವೆ. ಹತ್ತು ಪದ್ಯ ಹೀಗೇ ಹೋದರೆ ಕೇಳುವವರಿಗೆ ತೂಕಡಿಕೆ ಬರುತ್ತದೆ. 'ಮಂಜಿನೊಳಗೇ' ಹಾಗಲ್ಲ. ಅದು ಮೂರರಲ್ಲಿ ಹುಟ್ಟಿ ಗಡಿ ದಾಟಿ ನಾಲ್ಕಕ್ಕೆ ಹೋಗುತ್ತದೆ. ಉದ್ದದ ಪದ್ಯಕ್ಕೆ ಇಂಥ ದಾಟುವ ಪದಗಳು ಬೇಕೇ ಬೇಕು. ಗಣ ಎಣಿಸಲು ಬಂದವರೂ ಇದನ್ನು ಕಲಿಯುವುದು ಜೋರಾಗಿ ಓದಿಕೊಂಡಾಗಲೇ.

ತೂಬಿನ ಜಗಳಕ್ಕೆ ಬಂದಾಗ ಭಾಮಿನಿ ಒಗ್ಗಲಿಲ್ಲ. ಎರಡು ವಾರ ಗುದ್ದಾಡಿದೆ. ಕೊನೆಗೆ ನೀಲಗಾರರ ಹಾಗೆ ಹಾಡು ನಿಲ್ಲಿಸಿ ಮಾತಿಗಿಳಿದೆ. "ಇವತ್ತು ನಮ್ಮ ಸರದಿ ಕಣಪ್ಪ, ಹಲಗೆ ಎತ್ತು." ಅಜ್ಜಿ ಅಂದದ್ದು ಇಷ್ಟೇ, ಇಷ್ಟನ್ನೇ ಬರೆದೆ. ಅದರ ಮುಂದಿನ ಪದ್ಯ ಮತ್ತೆ ಮೂರು ನಾಲ್ಕರ ನಡಿಗೆಗೆ ತಾನಾಗಿ ಬಂದು ಕೂತಿತು.

ಈಗ ಮೂರನೆಯ ಸಾಲಿನಲ್ಲಿ, ಕೊನೆಯ ಮಡಿಯ ಘಟ್ಟದಲ್ಲಿದ್ದೇನೆ. ನೀರು ಕೊನೆಯ ಮಡಿ ಮುಟ್ಟುವ ತನಕ ಅಜ್ಜಿ ಬದುವಿನ ಮೇಲೆ ಕೂತಿರುತ್ತಿದ್ದಳು, ಏನೂ ಮಾತಾಡದೆ. ಆ ಮೌನಕ್ಕೆ ಎಷ್ಟು ಪದ್ಯ ಬೇಕೋ, ದಿನಾ ಬೆಳಗ್ಗೆ ಒಂದೊಂದು ಬರೆದು ನೋಡುತ್ತಿದ್ದೇನೆ. ನಮಸ್ಕಾರ.